ಪ್ಯಾಡಲಿನ ಕೆಳಗಿನ ಗುಪ್ಪೆ

ನಾನು ದುಡಿದ ಔಷಧ ಕಂಪನಿ ತನ್ನ ನಿವೃತ್ತರನ್ನೆಲ್ಲ ಚೆನ್ನೈಯ ನುಂಗಂಬಾಕ್ಕಂನಲ್ಲಿರುವ ಒಂದು ಹೋಟೆಲಿಗೆ ಕರೆಸಿ ಸಂತೋಷಕೂಟ ನಡೆಸಿತು. ಗುಣಮಟ್ಟ ವಿಭಾಗದ ಈಗಿನ ಮುಖ್ಯಸ್ಥರು ಅಲ್ಲಿ ಪರದೆಯ ಮೇಲೆ ಚಿತ್ರಗಳನ್ನು ತೋರಿಸುತ್ತ ಪ್ರಯೋಗಾಲಯದ ಇತಿಹಾಸವನ್ನು ವಿವರಿಸಿದರು. ಮಾತ್ರೆ ಕರಗುವ ಪರೀಕ್ಷೆಯನ್ನು ಕೈಯಿಂದ ಮಾಡುತ್ತಿದ್ದ ಕಾಲದಲ್ಲಿ ಫಲಿತಾಂಶವು ಮಾಡುವವರ ಮನಸ್ಥಿತಿಯನ್ನು ಅವಲಂಬಿಸಿತ್ತಂತೆ. ಸ್ವಯಂಚಾಲಿತ ಯಂತ್ರ ಬಂದ ಹೊಸದರಲ್ಲೇ, ಕೈ ಪಾಸು ಮಾಡಿ ಕಳಿಸುತ್ತಿದ್ದ ಒಂದು ಕೆಟ್ಟ ಬ್ಯಾಚನ್ನು ಹಿಡಿದುಹಾಕಿತಂತೆ. ಸಭೆ ಚಪ್ಪಾಳೆ ತಟ್ಟಿತು.

ಆ ಕೈಯ ಒಡತಿ ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತು ಬೋಂಡಾ ತಿನ್ನುತ್ತಿದ್ದರು. ತಟ್ಟೆಯಿಂದ ತಲೆಯೆತ್ತದೆಯೇ ಹೇಳಿದರು: "ಆ ಬ್ಯಾಚನ್ನ ಪಾಸ್ ಮಾಡಿದ್ದು ನಾನಾ ಸಾರ್? ನನಗೇ ಇವತ್ತು ತಾನ್ ಗೊತ್ತಾಗ್ತಿದೆ."

ಭಾಷಣಕಾರರು ಬೇಕೆಂದೇ ಸುಳ್ಳು ಹೇಳಿದರೆಂದು ನಾನು ಹೇಳುವುದಿಲ್ಲ. ಆ ಕಾಲಕ್ಕೆ ಅವರು ಕಾಲೇಜಿನಲ್ಲಿದ್ದಿರಬೇಕು; ಕೇಳಿದ್ದನ್ನು ಹೇಳಿದರು. ಆದರೆ ಜೀವಮಾನವೆಲ್ಲ ಅಳತೆಯ ಕೆಲಸ ಮಾಡುವ ಮನುಷ್ಯ, ವೇದಿಕೆ ಹತ್ತುವ ಮುನ್ನ ಎರಡು ತಾರೀಖುಗಳನ್ನು ಅಕ್ಕಪಕ್ಕ ಇಟ್ಟು ನೋಡುವಷ್ಟು ಶ್ರಮವನ್ನೂ ತೆಗೆದುಕೊಳ್ಳುವುದಿಲ್ಲವೆಂದರೆ ನನಗೆ ಸಿಟ್ಟು ಬರುತ್ತದೆ. ಆ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾಲವನ್ನು ನಿಶ್ಚಯಿಸಿಕೊಳ್ಳುತ್ತೇನೆ. ನನ್ನ ನೆನಪನ್ನೂ ನಾನು ಸಾಕ್ಷಿಯಿಲ್ಲದೆ ನಂಬುವವನಲ್ಲ. ಅದು ಈ ಶತಮಾನದ ಆರಂಭದ ವರ್ಷಗಳಲ್ಲಿ ಬಂದ ಭೀಕರ ನೀರಿನ ಬರದ ಬೇಸಿಗೆ. ವೀರಾಣಂ ಕೆರೆಯ ನೀರು ಚೆನ್ನೈಗೆ ಇನ್ನೂ ಬಂದಿರಲಿಲ್ಲ. ಪೋರೂರಿನ ನಮ್ಮ ಬೀದಿಯಲ್ಲಿ ನೀರಿನ ಲಾರಿ ಬಂದ ಸದ್ದಿಗೆ ನನ್ನ ಹೆಂಡತಿ ಒಲೆಯ ಮೇಲಿನ ಹಾಲನ್ನೂ ಬಿಟ್ಟು ಕೊಡ ಹಿಡಿದು ಓಡುತ್ತಿದ್ದಳು. ಕೈಯ ಪರೀಕ್ಷೆ ನಡೆದದ್ದು ಪಕ್ಕದ ಕುರ್ಚಿಯ ಆ ಸಹೋದ್ಯೋಗಿಯ ಮಗಳು ಪ್ಲಸ್ ಟೂ ಪರೀಕ್ಷೆ ಬರೆಯುತ್ತಿದ್ದ ದಿನಗಳಲ್ಲಿ, ಅಂದರೆ ಮಾರ್ಚ್ ತಿಂಗಳಲ್ಲಿ. ಮಗಳು ಹಾಲ್ ಟಿಕೆಟ್ ಮರೆತು ಹೋದಾಗ ಅದನ್ನು ತಲುಪಿಸಲು ಅವರು ಅರ್ಧ ದಿನದ ರಜೆ ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಕೂಟದ ಮರುದಿನ ಆ ಮಗಳನ್ನೇ ಫೋನಿನಲ್ಲಿ ಕೇಳಿ ವರ್ಷವನ್ನು ಖಚಿತಪಡಿಸಿಕೊಂಡೆ. ನಾನು ಕನ್ನಡದಲ್ಲಿ ಕೇಳಿದೆ, ಅವಳು ತಮಿಳಿನಲ್ಲಿ ಉತ್ತರಿಸಿದಳು. ಇನ್ನು ಯಂತ್ರದ ಪೆಟ್ಟಿಗೆ ಬಿಚ್ಚಿದ್ದು ತಮಿಳು ಹೊಸವರ್ಷದ ರಜೆ ಮುಗಿಸಿ ನಾವೆಲ್ಲ ಮರಳಿದ ಮೇಲೆ, ಏಪ್ರಿಲ್ ನಡುವೆ. ಪೆಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿದಾಗ ಹಬ್ಬದ ಮಾವಿನೆಲೆ ಬಾಗಿಲಲ್ಲಿ ಇನ್ನೂ ಇತ್ತು, ಒಣಗಿತ್ತು. ಮಾರ್ಚ್ ಮೊದಲು, ಏಪ್ರಿಲ್ ಆಮೇಲೆ. ಇದನ್ನು ತಿಳಿಯಲು ಸಂಶೋಧಕನೇ ಬೇಕಿಲ್ಲ.

ಪ್ರಯೋಗಾಲಯ ಇದ್ದದ್ದು ತಿರುವೊಟ್ಟಿಯೂರಿನ ಕಾರ್ಖಾನೆಯ ಆವರಣದಲ್ಲಿ. ಸಮುದ್ರದ ಉಪ್ಪುಗಾಳಿಗೆ ಕಿಟಕಿಯ ಸರಳುಗಳು ವರ್ಷಕ್ಕೊಮ್ಮೆ ಬಣ್ಣ ಬಯಸುತ್ತಿದ್ದವು. ನಾನು ಮಾತ್ರೆಗಳ ಪರೀಕ್ಷಾಕ್ರಮಗಳನ್ನು ರೂಪಿಸುವ ಸಂಶೋಧನಾ ವಿಭಾಗದಲ್ಲಿದ್ದೆ. ನನ್ನ ಆ ಸಹೋದ್ಯೋಗಿ ಗುಣಮಟ್ಟ ವಿಭಾಗದ ಹಿರಿಯ ವಿಶ್ಲೇಷಕಿ. ರಸಾಯನಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವರು. ಮನೆತನ ತಲೆಮಾರುಗಳಿಂದ ತಿರುವಲ್ಲಿಕ್ಕೇಣಿಯಲ್ಲಿ ನೆಲೆಸಿದ ವೈಷ್ಣವರದು. ಮನೆಮಾತು ಕನ್ನಡವೇ ಆದರೂ ಅರ್ಧ ಪದಗಳು ತಮಿಳಿನವು. ಮೈಸೂರು ಕಡೆಯಿಂದ ಹೋದ ನನಗೆ ಮೊದಮೊದಲು ನಗು ಬರುತ್ತಿತ್ತು. "ನಿಮ್ಮ ಮಕ್ಕಳು ಇಷ್ಟಾದರೂ ಮಾತಾಡ್ತಾರಾ ಸಾರ್?" ಎಂದು ಅವರು ಒಮ್ಮೆ ಕೇಳಿದ ಮೇಲೆ ನಾನು ನಗುವುದನ್ನು ನಿಲ್ಲಿಸಿದೆ. ಪ್ರಯೋಗಾಲಯದಲ್ಲಿ ಎಲ್ಲರೂ ಎದುರಿಗೆ ಅವರನ್ನು ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಮಾಮಿ. ಎರಡರಲ್ಲೂ ಭಯ ಒಂದೇ ಪ್ರಮಾಣದಲ್ಲಿತ್ತು.

ಆ ಪರೀಕ್ಷೆಯ ವಿಷಯವನ್ನು ಎರಡು ಮಾತಿನಲ್ಲಿ ಹೇಳಬೇಕು. ಮಾತ್ರೆಯಲ್ಲಿ ಔಷಧ ಇದ್ದರಷ್ಟೇ ಸಾಲದು. ಅದು ಹೊಟ್ಟೆಯಲ್ಲಿ ಹೊತ್ತಿಗೆ ಸರಿಯಾಗಿ ಕರಗಬೇಕು. ಇದನ್ನು ನೋಡಲು ಉರುಟು ತಳದ ಆರು ಗಾಜಿನ ಪಾತ್ರೆಗಳನ್ನು ಬೆಚ್ಚಗಿನ ನೀರಿನ ತೊಟ್ಟಿಯಲ್ಲಿ ಇಳಿಬಿಟ್ಟು, ಒಳಗಿನ ದ್ರವವನ್ನು ಮೈಬಿಸಿಯ ಮಟ್ಟಕ್ಕೆ ತಂದು, ಪ್ರತಿಯೊಂದಕ್ಕೂ ಒಂದು ಮಾತ್ರೆ ಹಾಕುತ್ತಾರೆ. ಮೇಲಿನಿಂದ ಇಳಿದ ಪ್ಯಾಡಲ್ ಎಂಬ ಚಿಕ್ಕ ಹುಟ್ಟು ನಿಧಾನವಾಗಿ ತಿರುಗುತ್ತಿರುತ್ತದೆ. ಗೊತ್ತಾದ ಹೊತ್ತುಗಳಲ್ಲಿ ವಿಶ್ಲೇಷಕರು ಉದ್ದನೆಯ ಸೂಜಿಯ ಸಿರಿಂಜನ್ನು ಗೊತ್ತಾದ ಆಳಕ್ಕೆ ಇಳಿಸಿ, ಸ್ವಲ್ಪ ದ್ರವ ಹೀರಿ, ಸೋಸಿ, ಎಷ್ಟು ಔಷಧ ಕರಗಿದೆಯೆಂದು ಅಳೆಯುತ್ತಾರೆ. ಒಂದು ಪಾತ್ರೆಯಿಂದ ಮುಂದಿನದಕ್ಕೆ ಅವರು ಸರಿಯುವ ಗತಿಯೂ ಲೆಕ್ಕಕ್ಕೆ ಬರುತ್ತದೆ. ಸೊಂಟ ಹಿಡಿಯುವ ಕೆಲಸ. ಇದನ್ನು ಯಂತ್ರ ಮಾಡಲಿ ಎಂದು ಬಯಸುವುದರಲ್ಲಿ ತಪ್ಪಿಲ್ಲ. ನಾನೂ ಬಯಸಿದ್ದೆ, ಅವರೂ ಬಯಸಿದ್ದರು. ನನ್ನ ತಕರಾರು ಯಂತ್ರದ ಮೇಲಲ್ಲ.

ಮಾರ್ಚಿನಲ್ಲಿ ಅವರ ಕೈಗೆ ಬಂದದ್ದು ಮೂರ್ಛೆರೋಗದ ಮಾತ್ರೆಯ ಒಂದು ಬ್ಯಾಚು. ಅದು ಕರಗಬೇಕಾದಷ್ಟು ಕರಗಲಿಲ್ಲ. ನಿಯಮದಂತೆ ಇನ್ನೊಮ್ಮೆ ಮಾಡಿದರು, ಆಗಲೂ ಇಲ್ಲ. ಬ್ಯಾಚು ಫೇಲು ಎಂದು ಬರೆದು ಸಹಿ ಮಾಡಿ ಮೇಲೆ ಕಳಿಸಿದರು. ನಿಧಾನವಾಗಿ ಕರಗುವ ಅಂಥ ಮಾತ್ರೆಯನ್ನು ನಂಬಿ ಬಸ್ಸು ಹತ್ತುವ ರೋಗಿ ದಾರಿಯಲ್ಲೇ ಕುಸಿಯಬಹುದು ಎಂಬುದು ಆ ವರದಿಯನ್ನು ಓದಿದ ಪ್ರತಿಯೊಬ್ಬರಿಗೂ ತಿಳಿದಿತ್ತು.

ಕಾರ್ಖಾನೆಯ ಅಂದಿನ ಮುಖ್ಯಸ್ಥರು ವರದಿಯನ್ನು ಒಪ್ಪಲೂ ಇಲ್ಲ, ತಿರಸ್ಕರಿಸಲೂ ಇಲ್ಲ. ಯಂತ್ರ ಬರುವವರೆಗೆ ಇಟ್ಟುಕೊಂಡರು. ಯಂತ್ರ ಅವರ ಸ್ವಂತ ಹಟದಿಂದ ಬರುತ್ತಿತ್ತು. ವಿದೇಶದ ತನಿಖಾಧಿಕಾರಿಗಳು ಬಂದಾಗ ತೋರಿಸಲು ಅದು ಬೇಕೆಂದು ನುಂಗಂಬಾಕ್ಕಂನ ಪ್ರಧಾನ ಕಚೇರಿಯ ಮೆಟ್ಟಿಲನ್ನು ಅವರು ಹತ್ತಿ ಇಳಿದಿದ್ದರು. ಏಪ್ರಿಲಿನಲ್ಲಿ ಅದನ್ನು ಜೋಡಿಸಿ, ನೀರಿನ ಲಾರಿಗಾಗಿ ಎಲ್ಲರೊಡನೆ ಕಾದು, ಅದೇ ಬ್ಯಾಚಿನ ಮಾತ್ರೆಗಳನ್ನು ಹಾಕಿಸಿದರು. ಮಾತ್ರೆಗಳು ಸೊಗಸಾಗಿ ಕರಗಿದವು. ಬ್ಯಾಚು ಪಾಸು.

ಆಗ ಮುಖ್ಯಸ್ಥರು ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ: "ಮೆಷಿನುಕ್ಕು ಮೂಡ್ ಕಿಡೆಯಾದು." ಯಂತ್ರಕ್ಕೆ ಮೂಡ್ ಎಂಬುದಿಲ್ಲ. ಭಾಷಣದಲ್ಲಿ ಬಂದ ಮನಸ್ಥಿತಿಯ ಮಾತಿನ ಮೂಲ ಇದು. ಮಗಳ ಪರೀಕ್ಷೆ, ಮನೆಯಲ್ಲಿ ನೀರಿಲ್ಲ, ಹೆಂಗಸರ ತಲೆ ಎಲ್ಲೋ ಇರುತ್ತದೆ ಎಂದೂ ಸೇರಿಸಿದರು. ಮುಖ್ಯಸ್ಥರ ಮನೆಯಲ್ಲೂ ನೀರಿರಲಿಲ್ಲ. ಆದರೆ ಅವರ ತಲೆ ಎಲ್ಲಿದೆಯೆಂದು ಯಾರೂ ಕೇಳಲಿಲ್ಲ. ಮಾರ್ಚಿನ ವರದಿಯ ಮೇಲೆ, ಕಾರಣ ಬರೆಯುವ ಜಾಗದಲ್ಲಿ, "ಅನಲಿಸ್ಟ್ ಎರರ್" ಎಂದು ಬರೆದರು.

ಹೊರಗಿನವರಿಗೆ ಇದು ಎರಡು ಪದ. ನಮ್ಮ ವೃತ್ತಿಯಲ್ಲಿ ಹಾಗಲ್ಲ. ಆ ಷರಾ ಬಿದ್ದ ವಿಶ್ಲೇಷಕರು ಮೇಜು ಬಿಟ್ಟು ಮರುತರಬೇತಿ ಪಡೆಯಬೇಕು. ಅಲ್ಲಿಯವರೆಗೆ ಯಾವ ವರದಿಗೂ ಸಹಿ ಹಾಕುವಂತಿಲ್ಲ. ತರಬೇತಿ ಕೊಡುವವರು ಯಾರು? ಆ ಪ್ರಯೋಗಾಲಯದಲ್ಲಿ ಸಿರಿಂಜು ಹಿಡಿಯುವವರೆಲ್ಲ ಅವರಿಂದಲೇ ಕಲಿತವರು. ಮರುದಿನ ಅವರು ಮೇಜನ್ನು ಒರೆಸಿ, ಸಿರಿಂಜುಗಳನ್ನು ತೊಳೆದಿಟ್ಟು, ದಾಖಲೆಕೋಣೆಗೆ ಹೋಗಿ ಕುಳಿತರು. ಮಧ್ಯಾಹ್ನ ಮೊಸರನ್ನ ತಿನ್ನುತ್ತ ನನಗೆ ಹೇಳಿದ್ದು ಇಷ್ಟೇ: "ಕೆಲಸ ಹೋದರೆ ಹೋಗಲಿ ಸಾರ್, ಇನ್ನೊಂದು ಸಿಗತ್ತೆ. ಸಹಿ ಹೋಯ್ತು ಅಂದರೆ ಎಲ್ಲಿ ಹುಡುಕ್ಲಿ?"

ಅವರು ತಕರಾರು ಸಲ್ಲಿಸಿದರು. ಮುಖ್ಯಸ್ಥರು ಉದಾರಿಗಳಂತೆ ಒಪ್ಪಿ, ಎಲ್ಲರ ಎದುರು ಹೋಲಿಕೆಯ ಪರೀಕ್ಷೆಯೊಂದನ್ನು ಏರ್ಪಡಿಸಿದರು. ಯಂತ್ರ ಮಾರಿದ ಕಂಪನಿಯ ಎಂಜಿನಿಯರು ಬಂದ. ಅದೇ ಆರು ಪಾತ್ರೆಗಳು, ಅದೇ ಬ್ಯಾಚು. ಯಂತ್ರ ತನ್ನಷ್ಟಕ್ಕೆ ದ್ರವ ಹೀರುತ್ತದೆ. ಅದೇ ಹೊತ್ತಿಗೆ, ಅದೇ ಪಾತ್ರೆಗಳಿಂದ, ಅವರು ಕೈಯಿಂದ ಹೀರುತ್ತಾರೆ. ಯಾರ ಅಳತೆ ಎಷ್ಟೆಂದು ನೋಡೋಣ.

ಎರಡೂ ಅಳತೆಗಳು ತಾಳೆಯಾದವು. ಕೈಯ ಅಳತೆಯಲ್ಲೂ ಬ್ಯಾಚು ಪಾಸು.

ಇದರಿಂದ ಕೈಗೂ ಯಂತ್ರಕ್ಕೂ ವ್ಯತ್ಯಾಸವಿಲ್ಲ, ಹಾಗಾದರೆ ಮಾರ್ಚಿನ ವ್ಯತ್ಯಾಸ ಬೇರೆಲ್ಲಿಂದಲೋ ಬಂದಿರಬೇಕು ಎಂದು ಯೋಚಿಸುವುದು ವಿಜ್ಞಾನ. ಮುಖ್ಯಸ್ಥರು ಬೇರೆ ದಾರಿ ಹಿಡಿದರು. ಎಲ್ಲರೂ ನೋಡುತ್ತಿದ್ದಾಗ ಮಾಮಿ ಸರಿಯಾಗಿ ಮಾಡಿದ್ದಾರೆ. ಅಂದರೆ ಯಾರೂ ನೋಡದಿದ್ದಾಗ ಸರಿಯಾಗಿ ಮಾಡಿಲ್ಲ. ಎಂಜಿನಿಯರು ನಕ್ಕ. ಇಷ್ಟು ಜನ ವಿದ್ಯಾವಂತರಿದ್ದ ಕೋಣೆಯಲ್ಲಿ ಆ ತರ್ಕಕ್ಕೆ ತಲೆಗಳು ಆಡಿದವು. ಸರಿಯಾದ ಕೆಲಸವನ್ನೇ ಹಳೆಯ ತಪ್ಪಿಗೆ ಪುರಾವೆಯನ್ನಾಗಿ ಮಾಡಿದ್ದನ್ನು ನಾನು ನನ್ನ ವೃತ್ತಿಜೀವನದಲ್ಲಿ ಅದಕ್ಕೆ ಮೊದಲು ಕೇಳಿರಲಿಲ್ಲ.

ಆ ಪರೀಕ್ಷೆಯ ಹೊತ್ತಿನಲ್ಲಿ ನಾನು ಪ್ರಧಾನ ಕಚೇರಿಯಲ್ಲಿದ್ದೆ; ನಡೆದದ್ದನ್ನು ಆಮೇಲೆ ಕೇಳಿ ತಿಳಿದೆ. ಸಂಜೆ ಮರಳಿದಾಗ ನನ್ನ ಸಹೋದ್ಯೋಗಿ ನನ್ನ ಕೋಣೆಯಲ್ಲಿ ಕಾದಿದ್ದರು. ಅಳುತ್ತಿರಲಿಲ್ಲ, ಯೋಚಿಸುತ್ತಿದ್ದರು.

"ಗುಪ್ಪೆ ಇರಲಿಲ್ಲ ಸಾರ್," ಎಂದರು.

ಯಾವ ಗುಪ್ಪೆ ಎಂದು ಕೇಳಿದೆ.

"ಈ ಮಾತ್ರೆ ಒಡೆದ ಮೇಲೆ ಪುಡಿ ಎಲ್ಲಾ ಪ್ಯಾಡಲ್ ಕೆಳಗೆ ಬಂದು ಕೂತ್ಕೊಳತ್ತೆ. ರಂಗೋಲಿ ಪುಡಿ ಸುರಿದ ಹಾಗೆ. ಮಾರ್ಚಲ್ಲಿ ಆರರಲ್ಲೂ ಇತ್ತು. ಇವತ್ತು ಒಂದರಲ್ಲೂ ಇಲ್ಲೆ. ನಾನು ಚುಮ್ಮಾ ಹೇಳ್ತಿಲ್ಲ, ಬಗ್ಗಿ ನೋಡಿದೆ."

ತಿರುಗುವ ಹುಟ್ಟಿನ ನೇರ ಕೆಳಗೆ, ಉರುಟು ತಳದಲ್ಲಿ, ದ್ರವ ಹೆಚ್ಚು ಅಲುಗಾಡದ ಒಂದು ಜಾಗವಿರುತ್ತದೆ. ಭಾರವಾದ ಪುಡಿ ಅಲ್ಲಿ ಶಂಕುವಿನಂತೆ ಗುಡ್ಡೆಯಾಗುವುದು ನಮ್ಮ ಶಾಸ್ತ್ರಕ್ಕೆ ಗೊತ್ತಿರುವ ಸಂಗತಿ. ಗುಡ್ಡೆಯಾದ ಪುಡಿ ತಡವಾಗಿ ಕರಗುತ್ತದೆ. ಅದನ್ನು ಏನಾದರೂ ಕದಡಿದರೆ ಬೇಗ ಕರಗುತ್ತದೆ. ಹಾಗಾದರೆ ಕದಡಿದ್ದು ಏನು?

ನಾವಿಬ್ಬರೂ ಕೆಳಗಿಳಿದು ಯಂತ್ರದ ಮುಂದೆ ನಿಂತೆವು. ಉತ್ತರ ಕಣ್ಣೆದುರಿಗೇ ನೇತಾಡುತ್ತಿತ್ತು. ಕೈಯಲ್ಲಿ ಮಾಡುವವರು ಸಿರಿಂಜನ್ನು ಇಳಿಸುತ್ತಾರೆ, ಹೀರುತ್ತಾರೆ, ಹೊರಗೆ ತೆಗೆಯುತ್ತಾರೆ. ಯಂತ್ರದ ಲೋಹದ ನಳಿಕೆಗಳೋ ಮಾತ್ರೆ ಹಾಕುವ ಮೊದಲಿನಿಂದ ಪರೀಕ್ಷೆ ಮುಗಿಯುವವರೆಗೆ ದ್ರವದಲ್ಲೇ ಮುಳುಗಿ ನಿಂತಿರುತ್ತವೆ. ಸುತ್ತುವ ನೀರಿಗೆ ಅಡ್ಡ ನಿಂತ ಕಡ್ಡಿ ಸುಳಿ ಎಬ್ಬಿಸುತ್ತದೆ. ಸುಳಿ ಗುಪ್ಪೆಯನ್ನು ಚದುರಿಸುತ್ತದೆ. ಯಂತ್ರ ಮಾತ್ರೆಯನ್ನು ಅಳೆಯುತ್ತಿರಲಿಲ್ಲ, ಅದನ್ನು ಕರಗಿಸಲು ನೆರವಾಗುತ್ತಿತ್ತು. ಹೋಲಿಕೆಯ ಪರೀಕ್ಷೆಯಲ್ಲಿ ಅವರು ಕೈಯಿಂದ ಹೀರಿದ್ದು ಅದೇ ನಳಿಕೆಗಳು ಮುಳುಗಿದ್ದ ಪಾತ್ರೆಗಳಿಂದ. ಕೈಯನ್ನು ಯಂತ್ರದೊಡನೆ ಹೋಲಿಸುತ್ತೇವೆಂದು ಹೊರಟವರು ಯಂತ್ರವನ್ನು ಯಂತ್ರದೊಡನೆ ಹೋಲಿಸಿ, ತೀರ್ಪನ್ನು ಒಬ್ಬ ಹೆಂಗಸಿನ ಮೇಲೆ ಹೊರಿಸಿದ್ದರು.

ನಾನು ಮುಖ್ಯಸ್ಥರಲ್ಲಿಗೆ ಹೋಗಿ ಇನ್ನೊಂದು ಪರೀಕ್ಷೆ ಕೇಳಿದೆ. ನೀರಿಲ್ಲದ ಕಾಲದಲ್ಲಿ ಇದೇನು ಹುಡುಗಾಟ ಎಂದರು. ಲಿಖಿತವಾಗಿ ಇಲ್ಲವೆನ್ನಿ ಎಂದೆ. ಲಿಖಿತ ಎಂಬ ಪದಕ್ಕೆ ಔಷಧ ಕಾರ್ಖಾನೆಯಲ್ಲಿ ಬೇರೆಯೇ ತೂಕವಿದೆ, ಅವರು ಒಪ್ಪಿದರು.

ಪರೀಕ್ಷೆ ಸರಳವಾಗಿತ್ತು. ಅದೇ ತೊಟ್ಟಿ, ಅದೇ ಬ್ಯಾಚು. ಮೂರು ಪಾತ್ರೆಗಳಲ್ಲಿ ನಳಿಕೆಗಳು ಮುಳುಗಿದ್ದವು, ಉಳಿದ ಮೂರರಿಂದ ತೆಗೆದುಹಾಕಿದ್ದೆವು. ಆರರಿಂದಲೂ ದ್ರವ ಹೀರುವುದು ಅವರ ಕೈಯೇ. ಅಳತೆಯವರೆಗೂ ಕಾಯಬೇಕಾಗಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ನಳಿಕೆಯಿಲ್ಲದ ಮೂರರ ತಳದಲ್ಲಿ ಬಿಳಿಯ ಗುಪ್ಪೆಗಳು ಎದ್ದು ಕುಳಿತವು. ನಳಿಕೆಯಿದ್ದ ಮೂರರಲ್ಲಿ ತಳ ಬರಿದಾಗಿ, ದ್ರವವೆಲ್ಲ ಮಬ್ಬಾಗಿ ಸುತ್ತುತ್ತಿತ್ತು. ಅಳೆದಾಗಲೂ ಅಷ್ಟೇ: ಮೂರು ಪಾಸಿನ ಕಡೆ, ಮೂರು ಮಾರ್ಚಿನಲ್ಲಿ ಅವರು ಬರೆದದ್ದರ ಪಕ್ಕಕ್ಕೇ ಬಂದು ನಿಂತವು.

ಮುಖ್ಯಸ್ಥರು ಬಗ್ಗಿ ನೋಡಿದರು, ಇನ್ನೊಮ್ಮೆ ಬಗ್ಗಿದರು. ಆಮೇಲೆ ಎಂಜಿನಿಯರನ ಕಡೆ ತಿರುಗಿ, "ಇದೆಲ್ಲಾಂ ಮುನ್ನಾಡಿಯೇ ಸೊಲ್ಲಕ್ಕೂಡಾದಾ?" ಎಂದರು. ಇದನ್ನೆಲ್ಲ ಮೊದಲೇ ಹೇಳಬಾರದಾಗಿತ್ತೇ ಎಂದು. ಎಂಜಿನಿಯರು ಉತ್ತರ ಕೊಟ್ಟ. ಹೀರುವ ಹೊತ್ತಿಗೆ ಮಾತ್ರ ನಳಿಕೆಗಳನ್ನು ಇಳಿಸಿ ಮತ್ತೆ ಎತ್ತುವ ಜೋಡಣೆಯೊಂದು ಇದೆಯಂತೆ. ಅದನ್ನು ಬೇರೆಯಾಗಿ ಕೊಳ್ಳಬೇಕಂತೆ. ತನ್ನ ಕಂಪನಿ ಸೂಚಿಸಿತ್ತಂತೆ. ನಮ್ಮವರೇ ಬೇಡವೆಂದು ಬಿಟ್ಟರಂತೆ. ಬಿಟ್ಟವರು ಯಾರೆಂದು ಯಾರೂ ಕೇಳಲಿಲ್ಲ. ಅವರ ತಲೆಯೂ ಆ ದಿನ ಎಲ್ಲಿತ್ತೋ.

ನಾನು ಅಲ್ಲಿಗೆ ಮುಗಿಯಿತೆಂದುಕೊಂಡೆ. ಬ್ಯಾಚು ತಡೆಹಿಡಿಯಲ್ಪಟ್ಟಿತು, ನಳಿಕೆ ಎತ್ತುವ ಜೋಡಣೆಗೆ ಬೇಡಿಕೆ ಹೋಯಿತು. ಆದರೆ ನನ್ನ ಸಹೋದ್ಯೋಗಿಯ ಸಹಿ ಇನ್ನೂ ಮರಳಿರಲಿಲ್ಲ. "ಅನಲಿಸ್ಟ್ ಎರರ್" ಹಾಳೆಯ ಮೇಲೆ ಹಾಗೆಯೇ ಇತ್ತು.

ಮುಖ್ಯಸ್ಥರು ನಮ್ಮಿಬ್ಬರನ್ನೂ ಕರೆಸಿ, ಹೊಸ ಹಾಳೆಯೊಂದನ್ನು ಮುಂದಿಟ್ಟರು. ಮಾರ್ಚಿನ ವರದಿಯನ್ನೇ ಶುಭ್ರವಾಗಿ ನಕಲು ಮಾಡಿಸಿದ್ದರು; ಕಾರಣದ ಜಾಗ ಖಾಲಿ. ಇದಕ್ಕೆ ಸಹಿ ಹಾಕಿ, ಹಳೆಯದನ್ನು ಹರಿದುಹಾಕೋಣ, ಏನೂ ನಡೆದಿಲ್ಲವೆಂದುಕೊಳ್ಳೋಣ ಎಂದರು. ಅವರ ಮುಖದಲ್ಲಿ ಉಪಕಾರ ಮಾಡುತ್ತಿರುವವರ ಕಳೆಯಿತ್ತು. ಅದು ನನಗೆ ಮೊದಲಿನ ಆರೋಪಕ್ಕಿಂತ ಅಸಹ್ಯವೆನಿಸಿತು.

ನಮ್ಮ ವೃತ್ತಿಯ ಮೊದಲ ಪಾಠ ತಪ್ಪನ್ನು ತಿದ್ದುವ ರೀತಿ. ಬರೆದದ್ದನ್ನು ಉಜ್ಜುವಂತಿಲ್ಲ, ಬಿಳಿಬಣ್ಣ ಹಚ್ಚುವಂತಿಲ್ಲ, ಹಾಳೆ ಬದಲಿಸುವಂತಿಲ್ಲ. ತಪ್ಪಿನ ಮೇಲೆ ಒಂದೇ ಒಂದು ಅಡ್ಡಗೆರೆ ಎಳೆಯಬೇಕು, ಕೆಳಗಿನ ಅಕ್ಷರ ಓದಲು ಸಿಗಬೇಕು. ಪಕ್ಕದಲ್ಲಿ ಕಾರಣ, ಸಹಿ, ತಾರೀಖು. ಕೆಲಸಕ್ಕೆ ಸೇರಿದ ಮೊದಲ ದಿನ ಹೊಸಬರಿಗೆ ಇದನ್ನು ಹೇಳುತ್ತಿದ್ದವರು ಸ್ವತಃ ಮುಖ್ಯಸ್ಥರು.

ನನ್ನ ಸಹೋದ್ಯೋಗಿ ತಮಿಳಿನಲ್ಲಿ, ದನಿಯೇರಿಸದೆ, ಆ ಪಾಠವನ್ನೇ ಮುಖ್ಯಸ್ಥರಿಗೆ ಒಪ್ಪಿಸಿದರು. ಹೊಸ ಹಾಳೆ ಬೇಡ, ಹಳೆಯದನ್ನೇ ತರಿಸಿ. ನೀವು ಬರೆದದ್ದರ ಮೇಲೆ ನೀವೇ ಗೆರೆ ಎಳೆಯಿರಿ. ನೀವು ಏನು ಬರೆದಿದ್ದಿರಿ ಎಂಬುದು ಮುಂದೆ ಬರುವವರಿಗೂ ಓದಲು ಸಿಗಲಿ. ಮುಖ್ಯಸ್ಥರು ನನ್ನ ಮುಖ ನೋಡಿದರು. ನಾನು ಹಳೆಯ ಹಾಳೆಯನ್ನು ಅವರ ಮುಂದಿಟ್ಟೆ. ಬರುವಾಗಲೇ ದಾಖಲೆಕೋಣೆಯಿಂದ ಅದನ್ನು ತಂದಿದ್ದೆ.

ಮುಖ್ಯಸ್ಥರು ಗೆರೆ ಎಳೆದರು. ಕಾರಣ ಬರೆದರು, ಸಹಿ ಮಾಡಿದರು, ತಾರೀಖು ಹಾಕಿ ಹಾಳೆಯನ್ನು ನಮ್ಮತ್ತ ತಳ್ಳಿದರು.

ಅದನ್ನು ಎತ್ತಿಕೊಂಡು ಓದಿದ ನನ್ನ ಸಹೋದ್ಯೋಗಿ, ಮುಖ್ಯಸ್ಥರ ಎದುರಿಗೇ, ಅವರಿಗೆ ತಿಳಿಯದ ಕನ್ನಡದಲ್ಲಿ ನನ್ನನ್ನು ಕೇಳಿದರು:

"ಸಾರ್, ಇವತ್ತು ಏನು ತಾರೀಖು?"

ನಾನು ಹೇಳಿದೆ.

"ಹಾಗಾದರೆ ಇವರು ಯಾವ ಊರ ತಾರೀಖು ಹಾಕಿದಾರೆ?"

ಹೋಲಿಕೆಯ ಪರೀಕ್ಷೆಗೂ ಹಿಂದಿನ ಒಂದು ದಿನವನ್ನು ಮುಖ್ಯಸ್ಥರು ಅಲ್ಲಿ ನಮೂದಿಸಿದ್ದರು. ಮುಂದೆ ಓದುವವರಿಗೆ, ತಮಗೆ ತಾವೇ ಸಂದೇಹ ಬಂದು ಷರಾವನ್ನು ಹಿಂತೆಗೆದುಕೊಂಡ ನ್ಯಾಯವಂತರಾಗಿ ಅವರು ಕಾಣಬೇಕಿತ್ತು. ತಪ್ಪೊಪ್ಪಿಗೆಯಲ್ಲೂ ಸುಳ್ಳು. ಅಷ್ಟು ವರ್ಷ ಅವರನ್ನು ಒಬ್ಬ ಗಡಸು ಮನುಷ್ಯ ಎಂದಷ್ಟೇ ತಿಳಿದಿದ್ದ ನನಗೆ, ಆ ಪುಟ್ಟ ಅಂಕಿಗಳನ್ನು ಕಂಡ ಮೇಲೆ ಅವರ ಬಗ್ಗೆ ಉಳಿದಿದ್ದ ಗೌರವವೂ ಹೋಯಿತು.

ನಮ್ಮ ಮಾತಿನ ಪದಗಳು ತಿಳಿಯದಿದ್ದರೂ ಅರ್ಥ ಅವರಿಗೆ ತಿಳಿಯಿತು. ನನ್ನ ಸಹೋದ್ಯೋಗಿ ಹಾಳೆಯನ್ನು ಮೇಜಿನ ಮೇಲೆ ಮರಳಿ ಇಟ್ಟು, ತಾರೀಖಿನ ಪಕ್ಕದಲ್ಲಿ ಬೆರಳೂರಿ, ಬೆರಳನ್ನು ತೆಗೆಯದೆ ನಿಂತರು. ಮುಖ್ಯಸ್ಥರು ಪೆನ್ನಿನ ಮುಚ್ಚಳವನ್ನು ಮತ್ತೆ ತೆಗೆದರು. ಸುಳ್ಳು ತಾರೀಖಿನ ಮೇಲೂ ಒಂದು ಅಡ್ಡಗೆರೆ ಬಿತ್ತು. ಪಕ್ಕದಲ್ಲಿ ಆ ದಿನದ ನಿಜವಾದ ತಾರೀಖು, ಇನ್ನೊಂದು ಸಹಿ. ಕ್ಷಮಿಸಿ ಎಂಬ ಮಾತು ಆ ಬಾಯಿಂದ ಬರಲಿಲ್ಲ. ನನ್ನ ಸಹೋದ್ಯೋಗಿ ಅದನ್ನು ನಿರೀಕ್ಷಿಸಿದ್ದರೆಂದೂ ನನಗನ್ನಿಸುವುದಿಲ್ಲ. ಮಾರನೆಯ ಬೆಳಿಗ್ಗೆ ಅವರು ತಮ್ಮ ಮೇಜಿಗೆ ಮರಳಿದರು. ತಡೆಹಿಡಿದ ಬ್ಯಾಚಿನ ಅಂತಿಮ ವರದಿಯ ಮೇಲೆ ಫೇಲು ಎಂದು ಬರೆದು ಹಾಕಿದ್ದೇ ಮರಳಿ ಸಿಕ್ಕ ಮೊದಲ ಸಹಿ.

ಇಂಥ ಸಂಗತಿಯನ್ನು ತಲೆಕೆಳಗು ಮಾಡಿ, ಪರದೆಯ ಮೇಲೆ ಬಣ್ಣದ ಚಿತ್ರ ತೋರಿಸಿ, ಆ ಹೆಂಗಸು ಎದುರಿಗೆ ಕುಳಿತಿರುವಾಗಲೇ ಚಪ್ಪಾಳೆ ಗಿಟ್ಟಿಸಿದರು. ಕೂಟ ಮುಗಿದ ಮೇಲೆ ಭಾಷಣಕಾರರ ಬಳಿ ಹೋಗಿ, ಮಾರ್ಚ್ ಏಪ್ರಿಲಿಗಿಂತ ಮೊದಲು ಬರುತ್ತದೆಂದು ಹೇಳಿದೆ. ನಗುತ್ತ ನನ್ನ ಕೈ ಕುಲುಕಿದರು. ಹಳಬರ ಇಂಥ ನೆನಪುಗಳೇ ಚೆಂದ ಎಂದರು. ನೆನಪಲ್ಲ, ದಾಖಲೆ ಎಂದೆ. ಅಷ್ಟರಲ್ಲಿ ಯಾರೋ ಅವರನ್ನು ಫೋಟೊಕ್ಕೆ ಕರೆದರು.

ಹೋಟೆಲಿನ ಹೊರಗೆ ಆಟೋಗಾಗಿ ಕಾಯುತ್ತಿದ್ದಾಗ ಇದನ್ನು ಬರೆಯುತ್ತೇನೆಂದು ನನ್ನ ಸಹೋದ್ಯೋಗಿಗೆ ತಿಳಿಸಿದೆ.

"ಬರೀರಿ. ನನ್ನ ಹೆಸರು ಬೇಡ, ಅವರದೂ ಬೇಡ," ಎಂದರು. "ಆದರೆ ಮೊದಲು ಯಾವುದು, ಆಮೇಲೆ ಯಾವುದು, ಅದು ಮಾತ್ರ ಕರೆಕ್ಟಾಗಿ ಬರಬೇಕು ಸಾರ್. ಆಮೇಲೆ ಬಂದು ನಾನು ಬೆರಳಿಟ್ಟು ನಿಲ್ಲೋ ಹಾಗೆ ಮಾಡಬೇಡಿ."

ಆದ್ದರಿಂದ ಇನ್ನೊಮ್ಮೆ ಹೇಳುತ್ತೇನೆ. ಮಾರ್ಚಿನಲ್ಲಿ ಕೈ ಆ ಬ್ಯಾಚನ್ನು ಫೇಲು ಮಾಡಿತು. ಏಪ್ರಿಲಿನಲ್ಲಿ ಯಂತ್ರ ಅದನ್ನು ಪಾಸು ಮಾಡಿತು.